ಆರುನೂರು ಜನರ ಜಿಲ್ಲಾ ಕೇಂದ್ರ

ಹೋದ ತಿಂಗಳು ಬಂದ ಕಾಗದಗಳಲ್ಲಿ ಚಿಂತಾಮಣಿ ಕಡೆಯ ಏಳನೇ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದ್ದಳು. ‘ತಾತ, ನಮ್ಮ ಚಿಂತಾಮಣಿ ಚಿಕ್ಕಬಳ್ಳಾಪುರಕ್ಕಿಂತ ದೊಡ್ಡ ಊರು. ಆದರೂ ಜಿಲ್ಲಾ ಕೇಂದ್ರ ಮಾತ್ರ ಅವರದ್ದು. ಯಾಕೆ?’

ನ್ಯಾಯವಾದ ಪ್ರಶ್ನೆಯೇ. 2011ರ ಜನಗಣತಿ ನೋಡಿದರೆ ಚಿಂತಾಮಣಿಯ ಜನಸಂಖ್ಯೆ ಚಿಕ್ಕಬಳ್ಳಾಪುರಕ್ಕಿಂತ ಹೆಚ್ಚು. ಪಕ್ಕದ ಜಿಲ್ಲೆಯಲ್ಲೂ ಹಾಗೆಯೇ, ಕೆ.ಜಿ.ಎಫ್.ನ ಜನ ಕೋಲಾರ ಪಟ್ಟಣಕ್ಕಿಂತ ಹೆಚ್ಚು. ಜಿಲ್ಲಾ ಕೇಂದ್ರವಾಗಲು ಊರು ದೊಡ್ಡದಿರಬೇಕು ಅಂತ ಎಲ್ಲೂ ಇಲ್ಲ. ಕಚೇರಿ ಇರಬೇಕು, ಕೋರ್ಟು ಇರಬೇಕು, ಖಜಾನೆ ಇರಬೇಕು. ಮುಖ್ಯವಾಗಿ ಯಾರ ಜಮೀನು ಎಲ್ಲಿಂದ ಎಲ್ಲಿಗೆ, ಯಾರು ಯಾರಿಗೆ ಮಾರಿದರು, ಯಾವ ವ್ಯಾಜ್ಯ ಏನಾಯಿತು ಎಂಬ ದಾಖಲೆ ಇಡುವ ಒಂದು ಕೋಣೆ ಇರಬೇಕು. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಊರಿನ ದೊಡ್ಡತನವನ್ನು ಅಂಗಡಿ ಬೀದಿಯಲ್ಲಿ ನೋಡುವುದಕ್ಕಿಂತ ದಾಖಲೆ ಕೋಣೆಯಲ್ಲಿ ನೋಡುವುದೇ ನನಗೆ ಅಭ್ಯಾಸ.

ಇದಕ್ಕೆ ನಾನು ಕಣ್ಣಾರೆ ಕಂಡ ಉದಾಹರಣೆ ದೂರದ್ದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರು. ಇಂಡಿಪೆಂಡೆನ್ಸ್ ಅಂದರೆ ಸ್ವಾತಂತ್ರ್ಯ. ನಮ್ಮಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ಹಂಚಿದ ಹಾಗೆ ಅಲ್ಲಿ ಹೆಚ್ಚಿನ ರಾಜ್ಯಗಳನ್ನು ಕೌಂಟಿಗಳಾಗಿ ಹಂಚಿದ್ದಾರೆ. ಈ ಊರು ಇನ್ಯೋ ಕೌಂಟಿಯ ಕೇಂದ್ರ. ಆ ಕೌಂಟಿಯ ವಿಸ್ತೀರ್ಣ ಸುಮಾರು 26 ಸಾವಿರ ಚದರ ಕಿಲೋಮೀಟರ್. ನಮ್ಮ ರಾಜ್ಯದ ಅತಿ ದೊಡ್ಡ ಜಿಲ್ಲೆ ಬೆಳಗಾವಿಯ ಹತ್ತಿರ ಹತ್ತಿರ ಎರಡರಷ್ಟು! ಆದರೆ 2020ರ ಅಲ್ಲಿನ ಜನಗಣತಿಯಲ್ಲಿ ಇಡೀ ಕೌಂಟಿಯಲ್ಲಿ ಇದ್ದವರು ಸುಮಾರು 19 ಸಾವಿರ ಮಂದಿ. ಕೇಂದ್ರವಾದ ಇಂಡಿಪೆಂಡೆನ್ಸಿನಲ್ಲಿ ಆರುನೂರಕ್ಕೂ ಕಡಿಮೆ. ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿಯಲ್ಲಿರುವ ಬಿಷಪ್ ಎಂಬ ಊರೇ ಅಲ್ಲಿನ ‘ಚಿಂತಾಮಣಿ’. ಅಂಗಡಿ, ಹೋಟೆಲು, ಜನ ಎಲ್ಲ ಅಲ್ಲಿ. ಕೋರ್ಟು, ಕಡತ ಮಾತ್ರ ಇಲ್ಲಿ.

ನನ್ನ ಮಗನ ಸಂಸಾರ ಲಾಸ್ ಏಂಜಲೀಸಿನಲ್ಲಿದೆ. ಅಲ್ಲಿಗೆ ಹೋದಾಗ ಅವನು ನಮ್ಮನ್ನು ಕಾರಿನಲ್ಲಿ ಉತ್ತರಕ್ಕೆ ಸುಮಾರು ನಾಲ್ಕು ಗಂಟೆಯ ದಾರಿ ಕರೆದುಕೊಂಡು ಹೋದ. ಎರಡೂ ಕಡೆ ಬೆಟ್ಟ, ನಡುವೆ ಒಣ ಬಯಲು, ಕುರುಚಲು ಗಿಡ. ಆಮೇಲೆ ಇದ್ದಕ್ಕಿದ್ದ ಹಾಗೆ ಒಂದಿಷ್ಟು ಹಸಿರು ಮರ, ನಾಲ್ಕಾರು ಅಡ್ಡರಸ್ತೆ, ದೊಡ್ಡ ಕಂಬಗಳ ಒಂದು ಬಿಳಿ ಕಟ್ಟಡ. ‘ತಾತ, ಇದೇನಾ ಹೆಡ್‌ಕ್ವಾರ್ಟರ್ಸ್? ನಿಮ್ಮ ಲೇಔಟೇ ಇದಕ್ಕಿಂತ ದೊಡ್ಡದು’ ಅಂದ ಮೊಮ್ಮಗ. ‘ಆ ಬಿಳಿ ಕಟ್ಟಡದ ಒಳಗೆ ಏನಿದೆ ಅಂತ ತಿಳಿದ ಮೇಲೆ ಹೇಳು ಮಗು’ ಅಂದೆ.

ಎರಡು ಗೋಡೆಗಳ ನಡುವೆ

ಮೊದಲು ಭೂಗೋಳ. ಭೂಗೋಳ ತಿಳಿಯದೆ ಈ ಊರಿನ ಚರಿತ್ರೆ ಅರ್ಥವಾಗುವುದಿಲ್ಲ.

ಊರು ಇರುವುದು ಓವೆನ್ಸ್ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ. ಪಶ್ಚಿಮಕ್ಕೆ ಸಿಯೆರಾ ನೆವಾಡಾ ಪರ್ವತ ಸಾಲು, ಪೂರ್ವಕ್ಕೆ ಇನ್ಯೋ ಬೆಟ್ಟಗಳು. ಪಶ್ಚಿಮದ ಸಾಲಿನಲ್ಲಿ ಮೌಂಟ್ ವಿಟ್ನಿ ಇದೆ, 4,421 ಮೀಟರ್. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅದರ ತುದಿ ಮುಟ್ಟುವುದಿಲ್ಲ. ಇದೇ ಕೌಂಟಿಯ ಪೂರ್ವಕ್ಕೆ ಡೆತ್ ವ್ಯಾಲಿ, ಅಂದರೆ ಸಾವಿನ ಕಣಿವೆ. ಅಲ್ಲಿನ ಬ್ಯಾಡ್‌ವಾಟರ್ ಎಂಬ ತಗ್ಗು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ. ಉತ್ತರ ಅಮೆರಿಕ ಖಂಡದಲ್ಲೇ ಅತಿ ತಗ್ಗಿನ ನೆಲ. ಒಂದೇ ಕೌಂಟಿಯ ಒಂದು ಅಂಚಿನಲ್ಲಿ ಅಷ್ಟು ಎತ್ತರ, ಇನ್ನೊಂದು ಕಡೆ ಅಷ್ಟು ಆಳ. ಹಕ್ಕಿ ಹಾರಿದ ಹಾಗೆ ಅಳೆದರೆ ನಡುವಿನ ದೂರ 140 ಕಿಲೋಮೀಟರ್ ಕೂಡ ಇಲ್ಲ.

ಮಳೆ ನೆರಳಿನ ಪ್ರದೇಶ ಅಂತ ನಿಮ್ಮ ಪಾಠದಲ್ಲಿ ಓದಿರುತ್ತೀರಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಮೀಟರಿಗೂ ಹೆಚ್ಚು ಮಳೆ, ಘಟ್ಟ ದಾಟಿ ಪೂರ್ವಕ್ಕೆ ಬಂದರೆ ಚಳ್ಳಕೆರೆಯಲ್ಲಿ ಅರ್ಧ ಮೀಟರಿನ ಆಸುಪಾಸು. ಇಲ್ಲಿಯೂ ಅದೇ ಕಥೆ. ಪೆಸಿಫಿಕ್ ಸಮುದ್ರದಿಂದ ಬರುವ ಮೋಡವನ್ನು ಸಿಯೆರಾ ಸಾಲು ತಡೆದು ಹಿಂಡಿಬಿಡುತ್ತದೆ. ಇಂಡಿಪೆಂಡೆನ್ಸಿಗೆ ವರ್ಷಕ್ಕೆ ಬೀಳುವ ಮಳೆ 13 ಸೆಂಟಿಮೀಟರಿನಷ್ಟು ಮಾತ್ರ. ಆದರೆ ಹಿಂಡಿದ ಮೋಡವೆಲ್ಲ ಬೆಟ್ಟದ ತಲೆಯ ಮೇಲೆ ಹಿಮವಾಗಿ ಕೂರುತ್ತದೆ. ಬೇಸಿಗೆ ಬಂದಾಗ ಕರಗಿ ಹತ್ತಾರು ತೊರೆಗಳಾಗಿ ಕಣಿವೆಗೆ ಇಳಿಯುತ್ತದೆ. ಮಳೆಯಿಲ್ಲದ ಊರಿಗೆ ಬೆಟ್ಟವೇ ನೀರಿನ ಬ್ಯಾಂಕು. ಚಳಿಗಾಲದಲ್ಲಿ ಠೇವಣಿ, ಬೇಸಿಗೆಯಲ್ಲಿ ಬಟವಾಡೆ!

ಆ ತೊರೆಗಳೆಲ್ಲ ಓವೆನ್ಸ್ ನದಿ ಸೇರುತ್ತಿದ್ದವು. ನದಿ ಸಮುದ್ರಕ್ಕೆ ಹೋಗದೆ ದಕ್ಷಿಣದ ಓವೆನ್ಸ್ ಸರೋವರದಲ್ಲಿ ನಿಲ್ಲುತ್ತಿತ್ತು. ಆ ಸರೋವರದ ಹರವು ಸುಮಾರು 280 ಚದರ ಕಿಲೋಮೀಟರ್, ನಮ್ಮ ಕೆ.ಆರ್.ಎಸ್. ಹಿನ್ನೀರಿನ ಹೆಚ್ಚುಕಡಿಮೆ ಎರಡರಷ್ಟು.

ನೀರು ಹರಿಯುವ ಜಾಗ

ಈ ಕಣಿವೆಯ ಮೂಲ ಜನ ಪಯೂಟ್ ಬುಡಕಟ್ಟಿನವರು. ಅವರು ಕಣಿವೆಯನ್ನು ಕರೆಯುತ್ತಿದ್ದುದು ‘ಪಾಯಾಹೂನಾಡ’ ಅಂತ. ನೀರು ಹರಿಯುವ ಜಾಗ ಎಂದು ಅರ್ಥ. ಕೊನೆಯಲ್ಲಿ ‘ನಾಡು’ ಅಂದ ಹಾಗೆ ನಮ್ಮ ಕಿವಿಗೆ ಕೇಳುತ್ತದೆ, ಆದರೆ ನಮ್ಮ ಮಾತಿಗೂ ಅದಕ್ಕೂ ನಂಟಿಲ್ಲ. ಬಿಳಿಯರು ಬರುವ ಮೊದಲೇ ಅವರು ತೊರೆಗಳಿಗೆ ಒಡ್ಡು ಹಾಕಿ ಕಾಲುವೆ ತೆಗೆದಿದ್ದರು. ನಮ್ಮ ಕೊನ್ನಾರಿ ಗಡ್ಡೆಯ ಜಾತಿಯದೇ ಒಂದು ಹುಲ್ಲಿನ ಗಡ್ಡೆ ಅವರಿಗೆ ಆಹಾರ. ಅದಕ್ಕೆ ನೀರು ಹಾಯಿಸುತ್ತಿದ್ದರು. ಆದರೆ ಅವರ ಹತ್ತಿರ ಹಕ್ಕುಪತ್ರ ಇರಲಿಲ್ಲ. ಪತ್ರ ಎಂಬುದೇ ಅವರಿಗೆ ಬೇಕಾಗಿರಲಿಲ್ಲ.

1861ರಲ್ಲಿ ಚಾರ್ಲ್ಸ್ ಪಟ್ನಂ ಎಂಬಾತ ಇಲ್ಲಿ ಒಂದು ವ್ಯಾಪಾರದ ಮನೆ ಹಾಕಿದ. ದನದ ಹಿಂಡು ಹೊಡೆದುಕೊಂಡು ಇನ್ನಷ್ಟು ಜನ ಬಂದರು. ಪಯೂಟರ ಬೀಜದ ಹುಲ್ಲುಗಾವಲುಗಳನ್ನು ದನಗಳು ಮೇಯ್ದವು. ಹಸಿದ ಪಯೂಟರು ದನಗಳನ್ನು ಹಿಡಿದು ತಿಂದರು. ಜಗಳ ಯುದ್ಧವಾಯಿತು. ಸರ್ಕಾರ ಸೈನ್ಯ ಕಳಿಸಿತು. ಸೈನ್ಯ ಶಿಬಿರ ಹೂಡಿದ್ದು 1862ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ. ಹಾಗಾಗಿ ಶಿಬಿರಕ್ಕೆ ‘ಕ್ಯಾಂಪ್ ಇಂಡಿಪೆಂಡೆನ್ಸ್’ ಎಂದು ಹೆಸರಾಯಿತು. ಆ ಹೆಸರೇ ಊರಿಗೂ ಬಂತು.

ಮರುವರ್ಷ, 1863ರ ಜುಲೈಯಲ್ಲಿ, ಅದೇ ಶಿಬಿರದಿಂದ ಸುಮಾರು ಒಂಬೈನೂರು ಪಯೂಟರನ್ನು ಕಾವಲಿನಲ್ಲಿ ಕಾಲ್ನಡಿಗೆಯಲ್ಲೇ ದಕ್ಷಿಣದ ಫೋರ್ಟ್ ಟೆಹೋನ್ ಎಂಬ ಕೋಟೆಯ ಕಡೆಗೆ ಸಾಗಿಸಿದರು. ಮುದುಕರು, ಬಾಣಂತಿಯರು, ಮಕ್ಕಳು ಎಲ್ಲರೂ ಇದ್ದರು. ದಾರಿಯಲ್ಲಿ ಸತ್ತವರೂ ಇದ್ದರು. ಬದುಕಿದವರಲ್ಲಿ ಎಷ್ಟೋ ಜನ ಸಿಕ್ಕಸಿಕ್ಕ ಹಾಗೆ ತಪ್ಪಿಸಿಕೊಂಡು ಮತ್ತೆ ತಮ್ಮ ಕಣಿವೆಗೇ ಬಂದರು. ಅವರ ವಂಶದವರು ಇವತ್ತಿಗೂ ಊರಿನ ಉತ್ತರಕ್ಕೆ ಫೋರ್ಟ್ ಇಂಡಿಪೆಂಡೆನ್ಸ್ ಎಂಬ ತಮ್ಮ ಮೀಸಲು ಜಾಗದಲ್ಲಿದ್ದಾರೆ.

ನಾಲ್ಕನೆಯ ಕಟ್ಟಡ

1866ರಲ್ಲಿ ಇನ್ಯೋ ಕೌಂಟಿ ಹುಟ್ಟಿತು. ಇಂಡಿಪೆಂಡೆನ್ಸ್ ಅದರ ಕೇಂದ್ರವಾಯಿತು. ಆ ಕಾಲಕ್ಕೆ ಸರೋವರದ ಮೇಲಿನ ಸೆರೊ ಗೋರ್ಡೊ ಬೆಟ್ಟದಲ್ಲಿ ಬೆಳ್ಳಿ, ಸೀಸ ಸಿಗುತ್ತಿತ್ತು. ಬೆಳ್ಳಿಯ ಗಟ್ಟಿಗಳನ್ನು ಸರೋವರ ದಾಟಿಸಲು ‘ಬೆಸ್ಸಿ ಬ್ರೇಡಿ’ ಎಂಬ ಹಬೆ ದೋಣಿಯೇ ಓಡುತ್ತಿತ್ತು. ಅಲ್ಲಿಂದ ಹೇಸರಗತ್ತೆಗಳ ಗಾಡಿಗಳಲ್ಲಿ ಬೆಳ್ಳಿ ಲಾಸ್ ಏಂಜಲೀಸಿಗೆ. ಆಗ ಅದು ಇನ್ನೂ ಸಣ್ಣ ಪಟ್ಟಣ. ಈ ಬೆಳ್ಳಿಯ ವ್ಯಾಪಾರದಿಂದ ಅದಕ್ಕೆ ಕೈತುಂಬ ಲಾಭವಾಯಿತು. ಅಂದರೆ ಕಣಿವೆಯಿಂದ ಆ ನಗರಕ್ಕೆ ಮೊದಲು ಹರಿದದ್ದು ನೀರಲ್ಲ, ಬೆಳ್ಳಿ.

1872ರ ಮಾರ್ಚ್ 26ರ ನಡುರಾತ್ರಿ ಕಳೆದ ಮೇಲೆ, ಎರಡೂವರೆ ಗಂಟೆಯ ಹೊತ್ತಿಗೆ, ಭಾರಿ ಭೂಕಂಪವಾಯಿತು. ದಕ್ಷಿಣಕ್ಕೆ ಇರುವ ಲೋನ್ ಪೈನ್ ಎಂಬ ಹಳ್ಳಿಯಲ್ಲಿ 27 ಜನ ಸತ್ತರು. ಅಲ್ಲಿದ್ದ 59 ಮನೆಗಳಲ್ಲಿ 52 ಬಿದ್ದವು. ಹೆಚ್ಚಿನವು ಹಸಿ ಇಟ್ಟಿಗೆಯ ಮನೆಗಳು. ಇಂಡಿಪೆಂಡೆನ್ಸಿನಲ್ಲಿದ್ದ ಇಟ್ಟಿಗೆಯ ಕೋರ್ಟು ಕಟ್ಟಡವೂ ಹಾಳಾಯಿತು. ಇಟ್ಟಿಗೆ ಬೇಡವೆಂದು ಮರದಲ್ಲಿ ಕಟ್ಟಿದರು. ಅದು 1886ರಲ್ಲಿ ಊರಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದರು. ನಾನು ನೋಡಿದ ಕಂಬಗಳ ಬಿಳಿ ಕಟ್ಟಡ ನಾಲ್ಕನೆಯದು, 1920ರ ದಶಕದ ಆರಂಭದ್ದು. ಆರುನೂರು ಜನರ ಊರು ಇಷ್ಟು ಸಲ ಬಿದ್ದರೂ ಕೋರ್ಟನ್ನು ಮಾತ್ರ ಬಿಟ್ಟುಕೊಟ್ಟಿಲ್ಲ ನೋಡಿ.

ಕಚೇರಿಗೆ ಬಂದ ಅತಿಥಿ

1900ರಲ್ಲಿ ಲಾಸ್ ಏಂಜಲೀಸಿನ ಜನಸಂಖ್ಯೆ ಒಂದು ಲಕ್ಷ. ಹತ್ತೇ ವರ್ಷದಲ್ಲಿ ಮೂರು ಲಕ್ಷ ದಾಟಿತು. ಆ ಊರಿನ ಸಣ್ಣ ನದಿ ಸಾಲದೆ ಬಂತು. ಮಾಜಿ ಮೇಯರ್ ಫ್ರೆಡ್ ಈಟನ್, ನೀರು ಸರಬರಾಜಿನ ಮುಖ್ಯಸ್ಥ ವಿಲಿಯಂ ಮಲ್‌ಹಾಲೆಂಡ್ ಇಬ್ಬರೂ 1904ರಲ್ಲಿ ಕುದುರೆ ಗಾಡಿಯಲ್ಲಿ ಓವೆನ್ಸ್ ಕಣಿವೆಗೆ ಬಂದು ನೀರನ್ನು ಕಣ್ಣಳತೆ ಮಾಡಿಕೊಂಡು ಹೋದರು. ಮಲ್‌ಹಾಲೆಂಡ್ ಐರ್ಲೆಂಡಿನಿಂದ ಬಂದ ಬಡ ಹುಡುಗ. ಕಾಲುವೆ ಚೊಕ್ಕಟ ಮಾಡುವ ಕೆಲಸಕ್ಕೆ ಸೇರಿ, ರಾತ್ರಿ ಪುಸ್ತಕ ಓದಿ ಎಂಜಿನಿಯರ್ ಆದವರು.

ಅದೇ ಸಮಯದಲ್ಲಿ ಕೇಂದ್ರ ಸರ್ಕಾರದ ನೀರಾವರಿ ಇಲಾಖೆ ಈ ಕಣಿವೆಯ ರೈತರಿಗಾಗಿಯೇ ಒಂದು ಯೋಜನೆಗೆ ಅಳತೆ ನಡೆಸಿತ್ತು. ರೈತರು ಖುಷಿಯಲ್ಲಿದ್ದರು. ಆ ಇಲಾಖೆಯ ಕ್ಯಾಲಿಫೋರ್ನಿಯಾ ಮುಖ್ಯಸ್ಥ ಜೆ. ಬಿ. ಲಿಪಿನ್‌ಕಾಟ್ ಒಂದು ಕಡೆ ಸರ್ಕಾರದ ಸಂಬಳ, ಇನ್ನೊಂದು ಕಡೆ ಲಾಸ್ ಏಂಜಲೀಸ್ ನಗರದ ಸಂಭಾವನೆ ಎರಡನ್ನೂ ತೆಗೆದುಕೊಳ್ಳುತ್ತಿದ್ದರು. 1905ರಲ್ಲಿ ಈಟನ್ ಆತನ ಪತ್ರ ಹಿಡಿದು ಇಂಡಿಪೆಂಡೆನ್ಸಿನ ಭೂ ಕಚೇರಿಗೆ ಬಂದರು. ಕಡತ ತೆಗೆಸಿ ಯಾವ ಜಮೀನು ಯಾರದು ಅಂತ ನೋಡಿಕೊಂಡರು. ಆಮೇಲೆ ಹೊಳೆಯ ಬದಿಯ ಜಮೀನುಗಳನ್ನು ಒಂದೊಂದಾಗಿ ಕರಾರು ಮಾಡಿಕೊಳ್ಳುತ್ತ ಹೋದರು. ಸರ್ಕಾರದ ಯೋಜನೆಗೇ ಇರಬೇಕು ಎಂದು ಎಷ್ಟೋ ರೈತರು ನಂಬಿದರು.

ಸಂಶಯ ಬಂದದ್ದು ಯಾರಿಗೆ ಗೊತ್ತೇ? ಅದೇ ಭೂ ಕಚೇರಿಯ ರಿಜಿಸ್ಟ್ರಾರ್ ಸ್ಟಾಫರ್ಡ್ ಆಸ್ಟಿನ್ ಅವರಿಗೆ. ಕಡತ ಕೇಳುವವರ ಮುಖ ನೋಡಿದರೆ ಕಡತ ಕೊಡುವವನಿಗೆ ಏನೋ ವಾಸನೆ ಹೊಡೆಯುತ್ತದೆ. ಇದು ನನ್ನ ಕೌಂಟರ್ ಅನುಭವದ ಮಾತು. ಆತ ಮೇಲಧಿಕಾರಿಗಳಿಗೆ ಬರೆದರು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರಿಗೂ ಬರೆದರು. ಆತನ ಹೆಂಡತಿ ಮೇರಿ ಆಸ್ಟಿನ್ ಲೇಖಕಿ. ಈ ಒಣ ನಾಡಿನ ಬಗ್ಗೆ ‘ದ ಲ್ಯಾಂಡ್ ಆಫ್ ಲಿಟಲ್ ರೇನ್’ ಎಂಬ ಹೆಸರಾಂತ ಪುಸ್ತಕ ಬರೆದು 1903ರಲ್ಲೇ ಪ್ರಕಟಿಸಿದ್ದರು. ಅವರಿದ್ದ ಮನೆ ಇವತ್ತಿಗೂ ಊರಿನಲ್ಲಿದೆ. ಗಂಡ ಹೆಂಡತಿ ಇಬ್ಬರೂ ಬರೆದರು, ಇಬ್ಬರ ಬರಹವೂ ನೀರನ್ನು ನಿಲ್ಲಿಸಲಿಲ್ಲ. ದೊಡ್ಡ ನಗರದ ಬಹಳ ಜನರಿಗೆ ಉಪಕಾರವಾಗುತ್ತದೆ ಎಂದು 1906ರಲ್ಲಿ ರೂಸ್‌ವೆಲ್ಟರು ನಗರದ ಪರವಾಗಿ ತೀರ್ಮಾನಿಸಿದರು.

1913ರ ನವೆಂಬರ್ 5ರಂದು ಕಾಲುವೆಯ ಬಾಗಿಲು ತೆರೆಯಿತು. ಉದ್ದ 233 ಮೈಲಿ, ಅಂದರೆ 375 ಕಿಲೋಮೀಟರ್. ದಾರಿಯಲ್ಲಿ ಮರುಭೂಮಿ, ಕಮರಿ, ಬೆಟ್ಟ. ಒಂದೊಂದು ಉಕ್ಕಿನ ಕೊಳವೆ ತುಂಡನ್ನು 52 ಹೇಸರಗತ್ತೆಗಳು ಎಳೆದದ್ದೂ ಉಂಟು. ಇಷ್ಟು ದೂರಕ್ಕೆ ಒಂದೇ ಒಂದು ಪಂಪು ಇಲ್ಲ! ಕಣಿವೆ ಎತ್ತರದಲ್ಲಿ, ನಗರ ತಗ್ಗಿನಲ್ಲಿ. ನೀರು ತನ್ನ ಭಾರದಿಂದಲೇ ಇಳಿದು ಹೋಗುತ್ತದೆ. ಬೆಂಗಳೂರಿನ ಮಕ್ಕಳಿಗೆ ಇದರ ಬೆಲೆ ಗೊತ್ತಾಗಬೇಕು. ನಿಮ್ಮ ನಲ್ಲಿಯ ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಹಾಕಿ ಮೇಲೆತ್ತಿ ತರಬೇಕು. ಎಂಜಿನಿಯರಿಂಗ್ ಕೆಲಸವಾಗಿ ನೋಡಿದರೆ ಮಲ್‌ಹಾಲೆಂಡರಿಗೆ ಕೈ ಮುಗಿಯಬೇಕು.

ಕದ್ದರು ಎಂದು ಹೇಳುವುದು ಸುಲಭ. ಕಾಗದ ನೋಡಿದರೆ ಕಳ್ಳತನವಲ್ಲ, ಕ್ರಯ. ಮಾರಿದವರು ರುಜು ಹಾಕಿದ್ದಾರೆ, ಹಣ ಪಡೆದಿದ್ದಾರೆ, ಪತ್ರ ನೋಂದಣಿ ಆಗಿದೆ. ಆದರೆ ಒಬ್ಬ ಮಾರಿದರೆ ಅವನ ಕೆಳಗಿನ ಹೊಲದವನಿಗೆ ನೀರಿಲ್ಲ. ರೈತ ಹೋದರೆ ಊರಿನ ಅಂಗಡಿಯವನಿಗೆ ಗಿರಾಕಿ ಇಲ್ಲ, ಶಾಲೆಗೆ ಮಕ್ಕಳಿಲ್ಲ. ಅವರ್ಯಾರ ರುಜುವನ್ನೂ ಯಾರೂ ಕೇಳಿರಲಿಲ್ಲ. ಪಯೂಟರ ಹೆಸರಂತೂ ಆ ಪತ್ರಗಳಲ್ಲಿ ಇರಲೇ ಇಲ್ಲ. ನದಿಯ ನೀರು ಬಾರದೆ 1920ರ ದಶಕದ ನಡುವಿನ ಹೊತ್ತಿಗೆ ಓವೆನ್ಸ್ ಸರೋವರ ಒಣಗಿ ಉಪ್ಪಿನ ಬಯಲಾಯಿತು.

ಬ್ಯಾಂಕಿನ ಬಾಗಿಲು ಮುಚ್ಚಿದ ದಿನ

1924ರಲ್ಲಿ ಜನರ ತಾಳ್ಮೆ ತಪ್ಪಿತು. ಮೇ ತಿಂಗಳಲ್ಲಿ ಯಾರೋ ಕಾಲುವೆಗೆ ಡೈನಮೈಟ್ ಇಟ್ಟರು. ನವೆಂಬರ್ 16ರಂದು ಊರಿನ ಗಂಡಸರು ಲೋನ್ ಪೈನ್ ಹತ್ತಿರದ ‘ಅಲಬಾಮಾ ಗೇಟ್ಸ್’ ಎಂಬ ತೂಬನ್ನು ವಶಮಾಡಿಕೊಂಡು ಕಾಲುವೆಯ ನೀರನ್ನೆಲ್ಲ ಒಣಗಿದ ಹೊಳೆಗೆ ತಿರುಗಿಸಿಬಿಟ್ಟರು. ನಾಲ್ಕು ದಿನ ಅಲ್ಲೇ ಕೂತರು. ಹೆಂಗಸರು, ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದರು. ನೂರಾರು ಜನ ಸೇರಿ ಜಾತ್ರೆಯೇ ಆಯಿತು. ಹತ್ತಿರದಲ್ಲಿ ಚಿತ್ರೀಕರಣದಲ್ಲಿದ್ದ ಸಿನಿಮಾ ನಟ ಟಾಮ್ ಮಿಕ್ಸ್ ತಮ್ಮ ವಾದ್ಯದವರನ್ನೇ ಕಳಿಸಿಕೊಟ್ಟರು. ಪತ್ರಿಕೆಗಳೆಲ್ಲ ಬರೆದವು. ಆದರೆ ನಗರ ಮಣಿಯಲಿಲ್ಲ.

ಈ ಹೋರಾಟದ ಮುಂದಾಳುಗಳು ವಿಲ್ಫ್ರೆಡ್ ಮತ್ತು ಮಾರ್ಕ್ ವಾಟರ್‌ಸನ್ ಎಂಬ ಅಣ್ಣತಮ್ಮಂದಿರು. ಕಣಿವೆಯ ಬ್ಯಾಂಕು ಅವರದೇ. ರೈತರ ಸಾಲ, ಉಳಿತಾಯ, ಜಮೀನು ಮಾರಿದ ಹಣ ಎಲ್ಲ ಅಲ್ಲಿಯೇ. 1927ರ ಆಗಸ್ಟ್ 4ರಂದು ಆ ಬ್ಯಾಂಕಿನ ಎಲ್ಲ ಶಾಖೆಗಳ ಬಾಗಿಲೂ ತೆರೆಯಲಿಲ್ಲ. ಇದಕ್ಕೆಲ್ಲ ಲಾಸ್ ಏಂಜಲೀಸ್ ನಗರವೇ ಕಾರಣ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಲೆಕ್ಕ ತಪಾಸಣೆಯವರು ಬಂದು ನೋಡಿದಾಗ ಪುಸ್ತಕದಲ್ಲಿ ಇದ್ದ ಹಣ ಪೆಟ್ಟಿಗೆಯಲ್ಲಿ ಇರಲಿಲ್ಲ. ಅಣ್ಣತಮ್ಮಂದಿರು ಠೇವಣಿದಾರರ ಹಣವನ್ನು ತಮ್ಮದೇ ಉದ್ಯಮಗಳಿಗೆ ತಿರುಗಿಸಿ, ಬಾರದ ಹಣವನ್ನು ಬಂದ ಹಾಗೆ ಬರೆದಿದ್ದರು.

ವಿಚಾರಣೆ ನಡೆದದ್ದು ಇಂಡಿಪೆಂಡೆನ್ಸಿನ ಇದೇ ಬಿಳಿ ಕಟ್ಟಡದಲ್ಲಿ. ಸರ್ಕಾರಿ ವಕೀಲರು ಅವರ ಹಳೆಯ ಸ್ನೇಹಿತರು. ತೀರ್ಪುಗಾರರೆಲ್ಲ ನೆರೆಹೊರೆಯವರು. ಊರಿಗಾಗಿ ಹೋರಾಡಿದವರು ಎಂದು ಎಲ್ಲರಿಗೂ ಗೊತ್ತು, ಪ್ರೀತಿಯೂ ಇತ್ತು. ವಾದ ಮುಗಿಸುವಾಗ ಸರ್ಕಾರಿ ವಕೀಲರ ಕಣ್ಣಲ್ಲಿ ನೀರು ಬಂತಂತೆ. ಆದರೂ ನವೆಂಬರ್‌ನಲ್ಲಿ ಅಪರಾಧಿಗಳು ಎಂದೇ ತೀರ್ಪು. ಇಬ್ಬರೂ ಜೈಲಿಗೆ ಹೋದರು. ಎಷ್ಟೋ ಸಂಸಾರಗಳ ಜೀವಮಾನದ ಉಳಿತಾಯ ಮುಳುಗಿತು, ಅದರ ಜೊತೆಗೆ ಹೋರಾಟವೂ ಮುಳುಗಿತು.

ಈ ಭಾಗವನ್ನು ನಾನು ಒಂದೆರಡು ಸಲ ಓದಿದೆ. ದಿನದ ಕೊನೆಗೆ ಕ್ಯಾಷ್ ಟ್ಯಾಲಿ ಆಗದಿದ್ದರೆ ರಾತ್ರಿ ಎಂಟಾದರೂ ಮನೆಗೆ ಹೋಗದ ಕಾಲದವರು ನಾವು. ಒಳ್ಳೆಯ ಉದ್ದೇಶಕ್ಕೆ ಅಂತಲೇ ಇರಲಿ, ಸುಳ್ಳು ಬರೆದ ಪುಟ ಒಂದು ದಿನ ಬರೆದವನನ್ನೇ ತಿನ್ನುತ್ತದೆ. ನಗರದ ಪುಸ್ತಕ ಸರಿಯಿತ್ತು, ನಡತೆ ಸರಿಯಿರಲಿಲ್ಲ. ಅಣ್ಣತಮ್ಮಂದಿರ ಹೋರಾಟ ಸರಿಯಿತ್ತು, ಪುಸ್ತಕ ಸರಿಯಿರಲಿಲ್ಲ. ಕಣಿವೆಯ ಜನ ಎರಡು ಕಡೆಯಿಂದಲೂ ಪೆಟ್ಟು ತಿಂದರು.

ಸೇಬಿನ ತೋಟ

1930ರ ದಶಕದ ಹೊತ್ತಿಗೆ ಕಣಿವೆಯ ಹೆಚ್ಚಿನ ಕೃಷಿ ಜಮೀನು, ಊರುಗಳ ಹೆಚ್ಚಿನ ನಿವೇಶನ ನಗರದ ಕೈ ಸೇರಿದ್ದವು. ಹೀಗೆ ಖಾಲಿಯಾದ ಊರುಗಳಲ್ಲಿ ಒಂದು ಇಂಡಿಪೆಂಡೆನ್ಸಿನ ದಕ್ಷಿಣಕ್ಕೆ ಹತ್ತು ಕಿಲೋಮೀಟರ್ ದೂರದ ಮಾಂಜನಾರ್. ಸ್ಪ್ಯಾನಿಷ್ ಮಾತಿನಲ್ಲಿ ಸೇಬಿನ ತೋಟ ಎಂದು ಅರ್ಥ. ಸೇಬು, ಪೇರ್ ಹಣ್ಣು ಬೆಳೆದ ರೈತರು ಜಮೀನು ಮಾರಿ ಹೋದ ಮೇಲೆ ಮರಗಳು ಒಣಗುತ್ತ ನಿಂತಿದ್ದವು.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಮೆರಿಕದ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಂದು ಆಜ್ಞೆಗೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದವರನ್ನೆಲ್ಲ ಮನೆ, ಅಂಗಡಿ, ಶಾಲೆ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಸುಮಾರು ಮೂರನೇ ಎರಡು ಭಾಗ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಒಂದು ಶಿಬಿರಕ್ಕೆ ಮಾಂಜನಾರಿನ ಖಾಲಿ ಜಾಗ ಆರಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಜನ, ಸುತ್ತ ಮುಳ್ಳುತಂತಿ, ಎಂಟು ಕಾವಲು ಗೋಪುರ. ಆಗಿನ ಇಡೀ ಇನ್ಯೋ ಕೌಂಟಿಯಲ್ಲೇ ಅಷ್ಟು ಜನ ಇರಲಿಲ್ಲ. ಇಪ್ಪತ್ತು ಅಡಿಗೆ ಇಪ್ಪತ್ತೈದು ಅಡಿಯ ಒಂದು ಕೋಣೆಗೆ ಎಂಟು ಜನ. ಅನಾಥಾಲಯಗಳಲ್ಲಿದ್ದ ಮಕ್ಕಳನ್ನೂ ಬಿಡಲಿಲ್ಲ, ಒಟ್ಟು 101 ಅನಾಥ ಮಕ್ಕಳು ಅಲ್ಲಿದ್ದರು. ಮಗು ಯಾವ ಗೂಢಚಾರಿಕೆ ಮಾಡೀತು ಹೇಳಿ? ಸ್ವಾತಂತ್ರ್ಯ ಎಂಬ ಹೆಸರಿನ ಊರಿನಿಂದ ಕೂಗಳತೆ ಎನ್ನುವಷ್ಟು ಹತ್ತಿರ!

ಆ ಜನ ಅಲ್ಲಿ ಏನು ಮಾಡಿದರು? ಒಣಗುತ್ತಿದ್ದ ಹಳೆಯ ಹಣ್ಣಿನ ಮರಗಳನ್ನು ಕತ್ತರಿಸಿ ಸವರಿ, ನೀರು ಹಾಕಿ, ಮತ್ತೆ ಹಣ್ಣು ಬಿಡಿಸಿದರು. ಧೂಳಿನ ನಡುವೆ ಕೊಳ, ಸೇತುವೆ, ಕಲ್ಲು ಜೋಡಿಸಿದ ತೋಟ ಮಾಡಿದರು. ಶಿಬಿರ 1945ರ ನವೆಂಬರ್‌ನಲ್ಲಿ ಮುಚ್ಚಿತು. 1988ರಲ್ಲಿ ಅಮೆರಿಕ ಸರ್ಕಾರ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿದ್ದವರಿಗೆ ತಲಾ 20 ಸಾವಿರ ಡಾಲರ್ ಕೊಟ್ಟಿತು. 1992ರಿಂದ ಆ ಜಾಗ ರಾಷ್ಟ್ರೀಯ ಸ್ಮಾರಕ. ನಾವು ಹೋದಾಗ ಆ ಹಳೆಯ ಮರಗಳಲ್ಲಿ ಕೆಲವು ಇನ್ನೂ ನಿಂತಿದ್ದವು. ಮೊಮ್ಮಗ ಅಲ್ಲಿ ಕಾವಲು ಗೋಪುರವನ್ನು ನೋಡುತ್ತ ನಿಂತವನು ಬಹಳ ಹೊತ್ತು ಮಾತಾಡಲಿಲ್ಲ.

ಮತ್ತೆ ಹರಿದ ನೀರು

1970ರಲ್ಲಿ ನಗರ ಎರಡನೆಯ ಕಾಲುವೆ ಹಾಕಿತು. ಅದನ್ನು ತುಂಬಲು ಕಣಿವೆಯ ಅಂತರ್ಜಲವನ್ನೂ ಪಂಪು ಮಾಡತೊಡಗಿತು. ಬುಗ್ಗೆಗಳು ಬತ್ತಿದವು, ಹುಲ್ಲು ಒಣಗಿತು. ಈ ಸಲ ಯಾರೂ ತೂಬಿನ ಮೇಲೆ ಹೋಗಿ ಕೂತು ನಗರವನ್ನು ಮಣಿಸಲಿಲ್ಲ. ಇಂಡಿಪೆಂಡೆನ್ಸಿನಲ್ಲಿ ಕೂತ ಕೌಂಟಿ ಆಡಳಿತ 1972ರಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ದಾವೆ ಹೂಡಿತು. ಪರಿಸರಕ್ಕೆ ಏನು ಹಾನಿ ಎಂದು ಮೊದಲು ಲೆಕ್ಕ ಕೊಡಬೇಕು ಎಂಬ ರಾಜ್ಯದ ಹೊಸ ಕಾನೂನು ಅವರ ಕೈಯಲ್ಲಿತ್ತು. ಇಲಿ ಆನೆಯ ಮೇಲೆ ಫಿರ್ಯಾದು ಕೊಟ್ಟ ಹಾಗೆ! ಆದರೆ ಇಲಿಯ ಹತ್ತಿರ ದಾಖಲೆ ಇತ್ತು. ಇಷ್ಟು ನೀರು ಹೋಯಿತು, ಇಂಥ ಬುಗ್ಗೆ ಬತ್ತಿತು ಎಂದು ಪುಟ ತೆರೆದು ತೋರಿಸಲು ಬಂತು.

ಹತ್ತೊಂಬತ್ತು ವರ್ಷದ ಜಗ್ಗಾಟದ ಮೇಲೆ 1991ರಲ್ಲಿ ಒಪ್ಪಂದವಾಯಿತು. 2006ರ ಡಿಸೆಂಬರ್ 6ರಂದು ಓವೆನ್ಸ್ ನದಿಯ ಒಣಗಿದ ಪಾತ್ರಕ್ಕೆ ಮತ್ತೆ ನೀರು ಬಿಟ್ಟರು, ನೂರು ಕಿಲೋಮೀಟರ್ ಉದ್ದಕ್ಕೆ. ಒಣ ಸರೋವರದಿಂದ ಏಳುತ್ತಿದ್ದ ಧೂಳು ಅಮೆರಿಕದಲ್ಲೇ ಕುಖ್ಯಾತವಾಗಿತ್ತು. ಅದನ್ನು ಅಡಗಿಸಲು ನಗರ ಇದುವರೆಗೆ ಇನ್ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ. ತೆಳುವಾಗಿ ನೀರು ನಿಲ್ಲಿಸಿದ ಜಾಗಗಳಿಗೆ ವಲಸೆ ಹಕ್ಕಿಗಳು ಮತ್ತೆ ಬರುತ್ತಿವೆ. ಎಲ್ಲ ಸರಿಹೋಯಿತು ಎನ್ನುವ ಹಾಗಿಲ್ಲ. ಕಾಲುವೆ ಹರಿಯುತ್ತಲೇ ಇದೆ. ಪಯೂಟರ ನೀರಿನ ಹಕ್ಕಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಕೌಂಟಿಯ ನೆಲದಲ್ಲಿ ಖಾಸಗಿಯವರದು ಶೇಕಡಾ ಎರಡಕ್ಕಿಂತ ಕಡಿಮೆ, ಉಳಿದದ್ದು ಬಹುಪಾಲು ಕೇಂದ್ರ ಸರ್ಕಾರದ್ದು, ನಗರದ್ದು. ಊರು ಬೆಳೆಯೋಣವೆಂದರೂ ಜಾಗವೇ ಇಲ್ಲ. ಅದಕ್ಕೇ ಅದು ಆರುನೂರರಲ್ಲೇ ನಿಂತಿದೆ.

ಊರಿನಲ್ಲಿ 1928ರಿಂದ ಒಂದು ವಸ್ತುಸಂಗ್ರಹಾಲಯವಿದೆ. ಪಯೂಟ್ ಹೆಂಗಸರು ಹೆಣೆದ ಬುಟ್ಟಿಗಳು, ಮಾಂಜನಾರಿನಲ್ಲಿದ್ದವರ ವಸ್ತುಗಳು, ಕಾಲುವೆ ತೋಡಿದವರ ಸಲಕರಣೆ, ಎಲ್ಲ ಒಂದೇ ಸೂರಿನ ಕೆಳಗೆ. ಗೆದ್ದವರದು, ಸೋತವರದು ಎಂದು ಬೇರೆ ಮಾಡಿಲ್ಲ. ಒಳ್ಳೆಯ ಲೆಡ್ಜರಿನಲ್ಲಿ ಜಮೆ ಖರ್ಚು ಎರಡೂ ಒಂದೇ ಪುಟದಲ್ಲಿ ಇರಬೇಕಲ್ಲವೇ?

ಮಕ್ಕಳೇ, ಕಾಗದದಲ್ಲಿ ಸರಿ ಇದ್ದದ್ದೆಲ್ಲ ನ್ಯಾಯವಾಗಿರುತ್ತದೆ ಅಂತಿಲ್ಲ. ಈ ಕಣಿವೆಯೇ ಅದಕ್ಕೆ ಸಾಕ್ಷಿ. ಆದರೆ ಆದ ಅನ್ಯಾಯವನ್ನು ಐವತ್ತು, ನೂರು ವರ್ಷದ ಮೇಲೆ ತಿದ್ದಬೇಕಾದರೂ ಮತ್ತೆ ಕಾಗದವೇ ಬೇಕು. ಅದನ್ನು ಜೋಪಾನವಾಗಿ ಇಟ್ಟುಕೊಂಡ ಊರು ಎಷ್ಟು ಸಣ್ಣದಾದರೂ ಕೇಂದ್ರವೇ.

ಈ ವಾರ ನಿಮಗೊಂದು ಕೆಲಸ. ನಿಮ್ಮ ಮನೆಯ ನಲ್ಲಿಗೆ ಬರುವ ನೀರು ಯಾವ ಹೊಳೆಯದು, ಯಾವ ಕೆರೆಯದು, ಇಲ್ಲವೇ ಯಾವ ಬೋರ್‌ವೆಲ್‌ನದು? ಮೊದಲು ಅದು ಯಾರ ಹೊಲಕ್ಕೆ ಹೋಗುತ್ತಿತ್ತು? ಅಪ್ಪ ಅಮ್ಮನನ್ನು ಕೇಳಿ, ಅವರಿಗೆ ಗೊತ್ತಿಲ್ಲದಿದ್ದರೆ ಅಜ್ಜಿ ತಾತನನ್ನು ಕೇಳಿ. ನೀರು ಬಿಡುವ ವಾಟರ್‌ಮ್ಯಾನ್‌ನನ್ನು ಕೇಳಿದರೆ ಇನ್ನೂ ಒಳ್ಳೆಯದು. ಒಂದು ಪುಟದೊಳಗೆ ಬರೆದು, ತಾರೀಖು ಹಾಕಿ ಕಳಿಸಿ. ತಾರೀಖು ಮರೆಯಬೇಡಿ, ತಾರೀಖಿಲ್ಲದ ವೋಚರನ್ನು ಈ ತಾತ ಪಾಸ್ ಮಾಡುವುದಿಲ್ಲ.